ವಿದ್ಯುನ್ಮಾನ ಮಂಡಲಗಳ ಅನುಕರಣೆಗಾಗಿ ಉಚಿತ ತಂತ್ರಾಂಶಗಳು – ಸಾರ್ವಜನಿಕರಿಗೆ ಮಾಹಿತಿ

1. ಉದ್ದೇಶ

ಐ.ಟಿ.ಐ., ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ದುರಸ್ತಿ ವೃತ್ತಿಯಲ್ಲಿರುವವರು ಹಾಗೂ ಸಣ್ಣ ಉದ್ದಿಮೆ ಸ್ಥಾಪಿಸಲು ಇಚ್ಛಿಸುವವರು ತಾವು ರೂಪಿಸಿದ ವಿದ್ಯುನ್ಮಾನ ಮಂಡಲವನ್ನು, ಅಂದರೆ ಸರ್ಕ್ಯೂಟನ್ನು, ಬಿಡಿಭಾಗಗಳನ್ನು ಖರೀದಿಸುವ ಮೊದಲೇ ಗಣಕಯಂತ್ರದಲ್ಲಿ ಪರೀಕ್ಷಿಸಿ ನೋಡಬಹುದಾಗಿದೆ. ಇದಕ್ಕೆ ಅಗತ್ಯವಾದ ತಂತ್ರಾಂಶಗಳು ಯಾವುದೇ ಶುಲ್ಕವಿಲ್ಲದೆ ಲಭ್ಯವಿವೆ. ಇವುಗಳಿಗಾಗಿ ಮಧ್ಯವರ್ತಿಗಳಿಗೆ ಹಣ ಪಾವತಿಸುವ ಅಥವಾ ಅನಧಿಕೃತ ಪ್ರತಿಗಳನ್ನು ಬಳಸುವ ಅಗತ್ಯವಿರುವುದಿಲ್ಲ. ಸದರಿ ತಂತ್ರಾಂಶಗಳ ಉಪಯೋಗ ಮತ್ತು ಇತಿಮಿತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಅನುಕರಣೆಯ ವಿಧಾನ

ಬಳಕೆದಾರರು ಪರದೆಯ ಮೇಲೆ ಮಂಡಲದ ನಕ್ಷೆಯನ್ನು ರಚಿಸುತ್ತಾರೆ. ಯಾವ ಬಿಡಿಭಾಗವು ಯಾವ ಸಂಧಿಬಿಂದುಗಳ ನಡುವೆ ಇದೆ ಮತ್ತು ಅದರ ಮೌಲ್ಯವೆಷ್ಟು ಎಂಬುದನ್ನು ತಂತ್ರಾಂಶವು ನೆಟ್‌ಲಿಸ್ಟ್ ಎಂಬ ಪಟ್ಟಿಯಾಗಿ ಸಿದ್ಧಪಡಿಸಿಕೊಳ್ಳುತ್ತದೆ. ನಂತರ ಪ್ರತಿಯೊಂದು ಸಂಧಿಬಿಂದುವಿಗೂ ಕಿರ್ಚಾಫ್‌ರವರ ನಿಯಮವನ್ನು ಅನ್ವಯಿಸಲಾಗುತ್ತದೆ. ಲೆಕ್ಕಪತ್ರದಲ್ಲಿ ಜಮಾ ಮತ್ತು ಖರ್ಚು ತಾಳೆಯಾಗಬೇಕಾದಂತೆ, ಸಂಧಿಬಿಂದುವಿಗೆ ಬರುವ ವಿದ್ಯುತ್ ಪ್ರವಾಹವೂ ಅಲ್ಲಿಂದ ಹೊರಹೋಗುವ ಪ್ರವಾಹವೂ ಸಮನಾಗಿರಬೇಕೆಂಬುದೇ ಈ ನಿಯಮ. ಡಯೋಡ್ ಮತ್ತು ಟ್ರಾನ್ಸಿಸ್ಟರ್‌ಗಳಿರುವ ಮಂಡಲಗಳಲ್ಲಿ ಉತ್ತರವು ಒಂದೇ ಬಾರಿಗೆ ದೊರೆಯುವುದಿಲ್ಲ. ತಂತ್ರಾಂಶವು ಒಂದು ಅಂದಾಜಿನಿಂದ ಆರಂಭಿಸಿ, ಲೆಕ್ಕ ತಾಳೆಯಾಗುವವರೆಗೆ ಅದನ್ನು ತಿದ್ದುತ್ತಾ ಹೋಗುತ್ತದೆ.

3. ಹಿನ್ನೆಲೆ

ಅಮೆರಿಕಾ ದೇಶದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ರವರು ಪ್ರೊ. ಡೊನಾಲ್ಡ್ ಪೆಡರ್ಸನ್ ರವರ ಮಾರ್ಗದರ್ಶನದಲ್ಲಿ ರೂಪಿಸಿದ ಸ್ಪೈಸ್ ತಂತ್ರಾಂಶವನ್ನು 1973ರಲ್ಲಿ ಮಂಡಿಸಲಾಯಿತು. 1975ರಲ್ಲಿ ಇದರ ಎರಡನೆಯ ಆವೃತ್ತಿಯೂ, 1989ರಲ್ಲಿ ಮೂರನೆಯ ಆವೃತ್ತಿಯೂ ಹೊರಬಂದವು. ವಿಶ್ವವಿದ್ಯಾಲಯವು ಇದರ ಮೂಲ ಸಂಕೇತವನ್ನು ಇತರರಿಗೂ ಒದಗಿಸಿದ ಕಾರಣ, ಇಂದು ಬಳಕೆಯಲ್ಲಿರುವ ಬಹುತೇಕ ಅನುಕರಣೆ ತಂತ್ರಾಂಶಗಳು ಸ್ಪೈಸ್‌ನ ಮೂಲದಿಂದಲೇ ಬೆಳೆದುಬಂದಿವೆ.

4. ಲಭ್ಯವಿರುವ ಪ್ರಮುಖ ತಂತ್ರಾಂಶಗಳು

(ಅ) ಇ-ಸಿಮ್: ಐ.ಐ.ಟಿ. ಮುಂಬಯಿಯ ಫಾಸ್ಸಿ ಯೋಜನೆಯಡಿ ಅಭಿವೃದ್ಧಿಪಡಿಸಲಾದ ಮುಕ್ತ ತಂತ್ರಾಂಶ. ಈ ಯೋಜನೆಗೆ ಕೇಂದ್ರ ಶಿಕ್ಷಣ ಸಚಿವಾಲಯದ ಅನುದಾನವಿದೆ. ನಕ್ಷೆ ರಚನೆಗೆ ಕೈಕ್ಯಾಡ್ ಮತ್ತು ಲೆಕ್ಕಾಚಾರಕ್ಕೆ ಎನ್‌ಜಿ-ಸ್ಪೈಸ್ ತಂತ್ರಾಂಶಗಳನ್ನು ಇದರಲ್ಲಿ ಒಗ್ಗೂಡಿಸಲಾಗಿದೆ. ವಿಂಡೋಸ್ ಹಾಗೂ ಉಬುಂಟು ಎರಡರಲ್ಲಿಯೂ ಕಾರ್ಯನಿರ್ವಹಿಸುತ್ತದೆ.

(ಆ) ಎನ್‌ಜಿ-ಸ್ಪೈಸ್: ಸ್ಪೈಸ್‌ನ ಮೂರನೆಯ ಆವೃತ್ತಿಯನ್ನು ಆಧರಿಸಿದ ಮುಕ್ತ ತಂತ್ರಾಂಶ. ಇದರಲ್ಲಿ ನಕ್ಷೆ ರಚಿಸುವ ಸೌಲಭ್ಯವಿಲ್ಲದ ಕಾರಣ ಇತರ ತಂತ್ರಾಂಶಗಳ ಜೊತೆ ಬಳಸುವುದು ಸೂಕ್ತ.

(ಇ) ಕೈಕ್ಯಾಡ್: ಮುದ್ರಿತ ಮಂಡಲ ಫಲಕ, ಅಂದರೆ ಪಿ.ಸಿ.ಬಿ., ವಿನ್ಯಾಸಕ್ಕೆ ಉಪಯುಕ್ತ. 2018ರಲ್ಲಿ ಬಿಡುಗಡೆಯಾದ 5ನೇ ಆವೃತ್ತಿಯಿಂದ ಅನುಕರಣೆಯ ಸೌಲಭ್ಯವೂ ಇದರಲ್ಲಿದೆ.

(ಈ) ಎಲ್‌ಟಿ-ಸ್ಪೈಸ್: ಲೀನಿಯರ್ ಟೆಕ್ನಾಲಜಿ ಸಂಸ್ಥೆಯು ರೂಪಿಸಿದ್ದು, 2017ರಲ್ಲಿ ಸದರಿ ಸಂಸ್ಥೆಯು ಅನಲಾಗ್ ಡಿವೈಸಸ್ ಸಂಸ್ಥೆಯ ಅಧೀನಕ್ಕೆ ಬಂದಿರುತ್ತದೆ. ಬಳಕೆಗೆ ಶುಲ್ಕವಿಲ್ಲ, ಆದರೆ ಮೂಲ ಸಂಕೇತವು ಮುಕ್ತವಲ್ಲ. ಆದ್ದರಿಂದ ಪರವಾನಗಿಯ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.

(ಉ) ಫಾಲ್‌ಸ್ಟಾಡ್ ಅನುಕರಣೆ: ಅಂತರ್ಜಾಲ ಬ್ರೌಸರ್‌ನಲ್ಲಿಯೇ ನಡೆಯುತ್ತದೆ. ತಂತಿಗಳಲ್ಲಿ ಪ್ರವಾಹವು ಚಲಿಸುವುದನ್ನು ಚುಕ್ಕಿಗಳ ಮೂಲಕ ತೋರಿಸುವುದರಿಂದ ಆರಂಭಿಕ ಕಲಿಕೆಗೆ ಅನುಕೂಲಕರ.

5. ಉದಾಹರಣೆ

12 ವೋಲ್ಟ್ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್‌ಗಳು ಮತ್ತು ಒಂದು ಕೆಪಾಸಿಟರ್ ಇರುವ ವಿದ್ಯುತ್ ಪೂರೈಕೆ ಮಂಡಲವನ್ನು ಪರಿಗಣಿಸಬಹುದು. ಟ್ರಾನ್ಸ್‌ಫಾರ್ಮರ್ ಮೇಲೆ ನಮೂದಿಸಿರುವ 12 ವೋಲ್ಟ್ ಪರಿಣಾಮಕಾರಿ ಮೌಲ್ಯವಾಗಿದ್ದು, ಅದರ ಗರಿಷ್ಠ ಮೌಲ್ಯವು 1.414 ಪಟ್ಟು, ಅಂದರೆ ಸುಮಾರು 17 ವೋಲ್ಟ್ ಆಗಿರುತ್ತದೆ. ಎರಡು ಡಯೋಡ್‌ಗಳಲ್ಲಿ ಕಳೆಯುವ ಸುಮಾರು 1.4 ವೋಲ್ಟನ್ನು ತೆಗೆದರೆ ಕೆಪಾಸಿಟರ್‌ಗೆ 15.6 ವೋಲ್ಟ್ ದೊರೆಯುತ್ತದೆ.

ಸ್ಪೈಸ್ ಆಧಾರಿತ ತಂತ್ರಾಂಶಗಳಲ್ಲಿ ಪರ್ಯಾಯ ವಿದ್ಯುತ್ತಿನ ಅಲೆಯ ಗರಿಷ್ಠ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. 17ರ ಬದಲಿಗೆ 12 ಎಂದು ನಮೂದಿಸಿದಲ್ಲಿ ಪರದೆಯ ಮೇಲೆ 10.6 ವೋಲ್ಟ್ ಮಾತ್ರ ಕಾಣಿಸುವುದು. ಅದನ್ನು ನಂಬಿ 16 ವೋಲ್ಟ್ ಸಾಮರ್ಥ್ಯದ ಕೆಪಾಸಿಟರ್ ಸಾಕಷ್ಟು ಸುರಕ್ಷಿತವೆಂದು ಭಾವಿಸುವ ಸಂಭವವಿದೆ. ಮೌಲ್ಯವನ್ನು ಸರಿಯಾಗಿ ನಮೂದಿಸಿ 15.6 ವೋಲ್ಟ್ ಬಂದರೂ ಅಪಾಯ ತಪ್ಪುವುದಿಲ್ಲ. ಮನೆಗೆ ಬರುವ 230 ವೋಲ್ಟ್ ಶೇಕಡ 10ರಷ್ಟು ಏರಿದರೆ ಕೆಪಾಸಿಟರ್ ಮೇಲೆ 17 ವೋಲ್ಟ್‌ಗೂ ಹೆಚ್ಚು ಬೀಳುತ್ತದೆ. ಹೊರೆ ಇಲ್ಲದಿರುವಾಗ ಟ್ರಾನ್ಸ್‌ಫಾರ್ಮರ್ ನಮೂದಿತ ಮೌಲ್ಯಕ್ಕಿಂತ ಹೆಚ್ಚಿನ ವೋಲ್ಟ್ ನೀಡುತ್ತದೆ. ಸಾಮರ್ಥ್ಯ ಮೀರಿದ ಕೆಪಾಸಿಟರ್ ಉಬ್ಬಿ ಸಿಡಿಯಬಹುದು. ಆದ್ದರಿಂದ ಇಲ್ಲಿ 25 ವೋಲ್ಟ್ ಸಾಮರ್ಥ್ಯದ ಕೆಪಾಸಿಟರ್ ಬಳಸತಕ್ಕದ್ದು. ತಂತ್ರಾಂಶವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ನೀಡುತ್ತದೆ. ವಿದ್ಯುತ್ ಏರಿಳಿತದ ಬಗ್ಗೆ ಕೇಳದಿದ್ದಲ್ಲಿ ಅದು ತಾನಾಗಿ ಎಚ್ಚರಿಸುವುದಿಲ್ಲ.

6. ಬಳಕೆದಾರರು ಗಮನಿಸಬೇಕಾದ ಅಂಶಗಳು

(ಅ) ಮಂಡಲದಲ್ಲಿ ಭೂಸಂಪರ್ಕ ಬಿಂದು, ಅಂದರೆ ಗ್ರೌಂಡ್, ಕಡ್ಡಾಯವಾಗಿ ಇರತಕ್ಕದ್ದು. ಇಲ್ಲದಿದ್ದಲ್ಲಿ ಲೆಕ್ಕಾಚಾರವು ನಡೆಯುವುದಿಲ್ಲ.

(ಆ) ಸ್ಪೈಸ್‌ನಲ್ಲಿ ಮೌಲ್ಯದ ಮುಂದೆ ಬರೆಯುವ ‘ಎಂ’ ಅಕ್ಷರವು, ದೊಡ್ಡದಾಗಿರಲಿ ಚಿಕ್ಕದಾಗಿರಲಿ, ‘ಮಿಲಿ’ ಎಂದೇ ಪರಿಗಣಿಸಲ್ಪಡುತ್ತದೆ. ಹತ್ತು ಲಕ್ಷ ಓಮ್‌ನ ರೆಸಿಸ್ಟರ್‌ಗೆ ‘ಮೆಗ್’ ಎಂದು ಬರೆಯಬೇಕು. ತಪ್ಪಿದಲ್ಲಿ ಅದು ಓಮ್‌ನ ಸಾವಿರದ ಒಂದು ಭಾಗವಾಗುತ್ತದೆ.

(ಇ) ಬಿಸಿಯಾಗಿ ಸುಟ್ಟುಹೋಗುವುದು, ಸಡಿಲ ಬೆಸುಗೆ ಮತ್ತು ಕಳಪೆ ಬಿಡಿಭಾಗಗಳು ಸಾಮಾನ್ಯ ಅನುಕರಣೆಯಲ್ಲಿ ಕಂಡುಬರುವುದಿಲ್ಲ. ಮನೆಯ ವಿದ್ಯುತ್ತಿಗೆ ಸಂಪರ್ಕಿಸುವ ಮಂಡಲಗಳನ್ನು ತಿಳಿದವರ ಸಮ್ಮುಖದಲ್ಲಿ ಮಾತ್ರ ಪರೀಕ್ಷಿಸತಕ್ಕದ್ದು.

(ಈ) ತಂತ್ರಾಂಶಗಳನ್ನು ಅವುಗಳ ಅಧಿಕೃತ ಜಾಲತಾಣಗಳಿಂದ ಮಾತ್ರ ಪಡೆಯತಕ್ಕದ್ದು.

7. ಅನಧಿಕೃತ ಪ್ರತಿಗಳ ಬಗ್ಗೆ

ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದ ಪ್ರಕಾರ, ತಂತ್ರಾಂಶದ ಅನಧಿಕೃತ ಪ್ರತಿಯನ್ನು ತಿಳಿದೂ ಬಳಸುವುದು 7 ದಿನಗಳಿಂದ 3 ವರ್ಷಗಳವರೆಗಿನ ಕಾರಾವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗಿನ ಜುಲ್ಮಾನೆಗೆ ಗುರಿಯಾಗುವ ಅಪರಾಧವಾಗಿದೆ. ಲಾಭ ಅಥವಾ ವ್ಯಾಪಾರದ ಉದ್ದೇಶವಿಲ್ಲದಿದ್ದಲ್ಲಿ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ, ಕಾರಾವಾಸ ವಿಧಿಸದೆ ರೂ. 50,000ದವರೆಗಿನ ಜುಲ್ಮಾನೆಯನ್ನು ಮಾತ್ರ ವಿಧಿಸಬಹುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕನ್ನಡದಲ್ಲಿ ಕಲಿಯಲು ಅವಕಾಶವಿದೆಯೇ?
ಉತ್ತರ: ಐ.ಐ.ಟಿ. ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಒದಗಿಸುತ್ತಿದೆ. ಎಲ್ಲ ಪಾಠಗಳೂ ಎಲ್ಲ ಭಾಷೆಗಳಲ್ಲಿ ಇರುವುದಿಲ್ಲವಾದ್ದರಿಂದ, ಬೇಕಾದ ಪಾಠ ಮತ್ತು ಭಾಷೆಯನ್ನು ಆಯ್ಕೆ ಮಾಡಿ ನೋಡತಕ್ಕದ್ದು.

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯವನ್ನು ಉಚಿತ ತಂತ್ರಾಂಶಕ್ಕೆ ಬದಲಾಯಿಸಿಕೊಳ್ಳಬಹುದೇ?
ಉತ್ತರ: ಬದಲಾಯಿಸಿಕೊಳ್ಳಬಹುದು. ಹಾಲಿ ಪ್ರಯೋಗಗಳನ್ನು ಇ-ಸಿಮ್‌ಗೆ ಅಳವಡಿಸಲು ಫಾಸ್ಸಿ ಯೋಜನೆಯಲ್ಲಿ ಪ್ರಯೋಗಾಲಯ ವರ್ಗಾವಣೆ ಕಾರ್ಯಕ್ರಮವನ್ನು ರೂಪಿಸಲಾಗಿದೆ. ಆಸಕ್ತ ಕಾಲೇಜುಗಳು ಸದರಿ ಯೋಜನೆಯ ಜಾಲತಾಣವನ್ನು ನೋಡುವುದು.

ಪ್ರಶ್ನೆ: ಉದ್ದಿಮೆಗಾಗಿ ಅರ್ಜಿ ಸಲ್ಲಿಸುವಾಗ ಅನುಕರಣೆಯ ವರದಿಯನ್ನು ಪರೀಕ್ಷಾ ವರದಿಯ ಬದಲಿಗೆ ನೀಡಬಹುದೇ?
ಉತ್ತರ: ನೀಡಲಾಗದು. ಮೊಬೈಲ್ ಚಾರ್ಜರ್, ಅಡಾಪ್ಟರ್ ಮುಂತಾದ ವಸ್ತುಗಳ ಮಾರಾಟಕ್ಕೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅಗತ್ಯವಿದ್ದು, ಬ್ಯೂರೋ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ವಸ್ತುವಿನ ಮಾದರಿಯನ್ನೇ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ. ಅನುಕರಣೆಯನ್ನು ಮೊದಲೇ ನಡೆಸಿ ದೋಷಗಳನ್ನು ಸರಿಪಡಿಸಿಕೊಂಡಲ್ಲಿ, ಮಾದರಿಯು ತಿರಸ್ಕೃತವಾಗಿ ಪರೀಕ್ಷಾ ಶುಲ್ಕವನ್ನು ಮತ್ತೊಮ್ಮೆ ಭರಿಸಬೇಕಾದ ಸಂಭವವು ಕಡಿಮೆಯಾಗುತ್ತದೆ.