ಗಡಿಯೂರಿನ ಅಡಿಕೆ ಲೆಕ್ಕ

ಮಡಿಕೇರಿಯ ಘಟ್ಟವನ್ನಿಳಿದ ಮಾರ್ಗವು ಸುಳ್ಯದ ಕಡೆಗೆ ಸಾಗುವಲ್ಲಿ, ಪಯಸ್ವಿನಿಯ ಮಗ್ಗುಲಲ್ಲಿ, ಒಂದೇ ಹೆಸರಿನ ಎರಡು ಗ್ರಾಮಗಳುಂಟು: ಕೊಡಗಿನ ಸಂಪಾಜೆ ಒಂದು, ದಕ್ಷಿಣ ಕನ್ನಡದ ಸಂಪಾಜೆ ಇನ್ನೊಂದು. 1956ರ ನವೆಂಬರ್ 1ರವರೆಗೆ ಇವೆರಡರ ನಡುವಣ ಎಲ್ಲೆಯು ಎರಡು ರಾಜ್ಯಗಳ ಎಲ್ಲೆಯೇ ಆಗಿದ್ದಿತು. ಇಂತಹ ಎಡೆಯಲ್ಲಿ ಎರಡು ಮೂರು ಎಕರೆ ತೋಟವನ್ನು ನಂಬಿ ಬಾಳಿದವನು ಹೆಸರಿಗೆ ಕೃಷಿಕನಾದರೂ ವಾಸ್ತವದಲ್ಲಿ ಸಣ್ಣ ವ್ಯಾಪಾರಿಯೇ ಸರಿ. ಏಕೆಂದರೆ ಅಡಿಕೆಯು ಉಣ್ಣುವ ಬೆಳೆಯಲ್ಲ, ಮಾರಿದರೆ ಮಾತ್ರ ಅದು ಅನ್ನವಾಗುತ್ತದೆ.

ಈ ವ್ಯಾಪಾರಿಯು ಮನೆಯೊಳಗಣ ವೆಚ್ಚವನ್ನು ತಗ್ಗಿಸಿದ ಬಗೆಯನ್ನು ನೋಡಿದರೆ ಗೌರವ ಹುಟ್ಟುತ್ತದೆ. ಬಿದ್ದ ಹಾಳೆ ಮಳೆಬಿಸಿಲಿಗೆ ತಲೆಯ ಮೇಲಣ ಟೊಪ್ಪಿಯಾಯಿತು, ಉಣ್ಣಲು ಎಲೆಯಾಯಿತು, ದನಕ್ಕೆ ಮೇವಾಯಿತು. ಸೋಗೆ ಮಾಡಿಗೆ ಹೊದಿಕೆಯಾಯಿತು. ಸುಲಿದ ಸಿಪ್ಪೆ ಬಚ್ಚಲೊಲೆಗೆ ಹೋಯಿತು. ಅಡಿಕೆಯ ಮರವೇ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ, ಒಂದೇ ನೆಲ ಎರಡು ಬೆಳೆಗಳನ್ನು ಹೊತ್ತಿತು. ಹಣ್ಣಡಿಕೆಯನ್ನು ಚಾಲಿ ಮಾಡಲು ಯಂತ್ರ ಬೇಡ, ಸೌದೆ ಬೇಡ. ಸೆಗಣಿ ಸಾರಿಸಿದ ಅಂಗಳದಲ್ಲಿ ಹರವಿ, ದಿನಕ್ಕೊಮ್ಮೆ ಅದರ ನಡುವೆ ಕಾಲೆಳೆಯುತ್ತ ನಡೆದು ಮಗುಚಿದರೆ, ಸುಮಾರು ನಲವತ್ತು ದಿನಗಳ ಬಿಸಿಲು ಉಳಿದ ಕೆಲಸವನ್ನು ಮಾಡಿಕೊಡುತ್ತಿತ್ತು. ಹೆಚ್ಚು ಆಳು ಬೇಕಾದ ದಿನಗಳಿಗೆ ನೆರೆಮನೆಗಳ ಮುಯ್ಯಾಳು ಇದ್ದೇ ಇತ್ತು.

ಆದರೆ ಈ ಮಿತವ್ಯಯವನ್ನು ಕೊಂಡಾಡುವಾಗ ಒಂದು ಸಂಗತಿಯನ್ನು ಮರೆಯಲಾಗದು. ರಾತ್ರಿಯ ಊಟದ ಬಳಿಕ ದೀಪದ ಬೆಳಕಿನಲ್ಲಿ ಕುಳಿತು ಅಡಿಕೆ ಸುಲಿದ, ಸುಲಿದುದನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಬೇರೆ ರಾಶಿ ಮಾಡಿದ ಮನೆಯ ಹೆಂಗಸರ ಶ್ರಮಕ್ಕೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಪುಟವಿರಲಿಲ್ಲ. ವೆಚ್ಚ ಕಡಿಮೆಯೆಂದು ನಾವು ಬರೆದುಕೊಳ್ಳುವ ಮೊತ್ತದಲ್ಲಿ ಗಣನೀಯವಾದ ಪಾಲು ಅವರ ಕೈಯಿಂದ ಬಂದುದೇ ಆಗಿದೆ.

ಇಷ್ಟಾದರೂ ಬಡತನ ಉಳಿಯಿತೆಂದರೆ, ಅದರ ಕಾರಣವು ಅಂಗಳದಲ್ಲಿರದೆ ತೋಟದ ಬೇಲಿಯ ಆಚೆಗಿದ್ದಿತು. ಕೊಡಗಿನ ಅರಸರ ಆಳ್ವಿಕೆಯಲ್ಲಿ ಸುಳ್ಯದ ಸುತ್ತಣ ಅಮರಸುಳ್ಯ ಸೀಮೆಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿಯು ಈ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಾಣ್ಯದಲ್ಲಿಯೇ ತೆರಬೇಕೆಂದು ವಿಧಿಸಿತು. ಕಂತಿನ ದಿನಕ್ಕೆ ರೊಕ್ಕ ಬೇಕಾದವನು ಬಂದ ಬೆಲೆಗೆ ಮಾರಬೇಕು, ಇಲ್ಲವೆ ಬಡ್ಡಿಗೆ ತರಬೇಕು. ಮನೆಯಲ್ಲಿ ವರ್ಷವಿಡೀ ಉಳಿಸಿದುದು ಒಂದು ವಾರದಲ್ಲಿ ಸಾಹುಕಾರನ ಪಾಲಾಗುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. 1837ರಲ್ಲಿ, ಕೊಡಗಿನ ಅರಸುಮನೆತನದವನೆನಿಸಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಎದ್ದ ದಂಡು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ಧ್ವಜವನ್ನೇರಿಸಿತು. ಅರಸೊತ್ತಿಗೆಯ ಮೇಲಣ ನಿಷ್ಠೆಯಷ್ಟೇ ಈ ನಾಣ್ಯದ ಕಂದಾಯವೂ ಆ ದಂಗೆಗೆ ಕಾರಣವಾಯಿತೆಂದು ನಾನು ದೃಢವಾಗಿ ನಂಬಿದ್ದೇನೆ.

ದಂಗೆ ಅಡಗಿತು, ಸಾಲ ಅಡಗಲಿಲ್ಲ. ಮಳೆಗಾಲದಲ್ಲಿ ಅಕ್ಕಿಗೂ ಮದುವೆಗೂ ಮಂಡಿಯಿಂದ ಮುಂಗಡ ಪಡೆದವನು ಕೊಯ್ಲಿನ ಬಳಿಕ ಅದೇ ಮಂಡಿಗೆ ಅಡಿಕೆ ಹಾಕಬೇಕು. ತೂಕ ಅವರದು, ವಿಂಗಡಣೆ ಅವರದು, ದರವೂ ಅವರದೇ. ಈ ಗಂಟನ್ನು ಬಿಚ್ಚುವ ಕೆಲಸ ಪುತ್ತೂರಿನಲ್ಲಿ ಆರಂಭವಾಯಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಆಧಾರದ ಮೇಲೆ, ವಕೀಲರಾದ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಸಹಕಾರಿ ಸಂಘವನ್ನು ಕಟ್ಟಿ, ಊರೂರು ತಿರುಗಿ, ಹತ್ತು ಮಂದಿಯ ಜಾಮೀನು ಒಬ್ಬನ ಬಡ್ಡಿಯನ್ನು ಇಳಿಸಬಲ್ಲುದೆಂದು ತಿಳಿಯಹೇಳಿದರು. ರಸ್ತೆಬದಿಯ ಚಿಲ್ಲರೆ ಅಂಗಡಿಯವನಿಗೆ ಒದಗಿದ ನೆರವು ಬೇರೆ ಬಗೆಯದು: ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಉಡುಪಿಯ ಸಂಸ್ಥೆಯು 1928ರಲ್ಲಿ ತೊಡಗಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕೊಂಡೊಯ್ಯುತ್ತಿದ್ದರು.

ಸಾಲ ಅಗ್ಗವಾದರೂ ಮಾರಾಟ ಮಂಡಿಯ ಕೈಯಲ್ಲಿಯೇ ಉಳಿದಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ದರ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಸಿ ಸುಬ್ರಾಯ ಭಟ್ಟರ ಅಧ್ಯಕ್ಷತೆಯಲ್ಲಿ 1973ರ ಜುಲೈ 11ರಂದು ಕರ್ನಾಟಕ ಕೇರಳಗಳೆರಡಕ್ಕೂ ಸೇರಿದ, ಅಡಿಕೆ ಕೊಂಡು ಮಾರುವ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಸ್ಥಾಪನೆಯಾಯಿತು. ಮುಂದೆ ಅಡಿಕೆಯ ನೆರಳಲ್ಲಿ ಬೆಳೆದ ಕೋಕೋಗೆ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನು ತೆರೆದದ್ದು ಇದೇ ಸಂಸ್ಥೆ. ಒಂದೆರಡು ಗೋಣಿ ಅಡಿಕೆಯಷ್ಟೇ ಉಳ್ಳವನಿಗೆ ಇದರಿಂದ ಆದ ಉಪಕಾರವನ್ನು ದೊಡ್ಡ ತೋಟದವರು ಪೂರ್ತಿಯಾಗಿ ಅರಿಯಲಾರರು. ಕ್ಯಾಂಪ್ಕೋದ ಆಯಾ ದಿನದ ಧಾರಣೆ ಪತ್ರಿಕೆಯಲ್ಲಿ ಅಚ್ಚಾಗತೊಡಗಿದ ಮೇಲೆ, ಅವನು ಸಂಪಾಜೆಯ ಜಗಲಿಯಲ್ಲಿ ಅದನ್ನೋದಿ, ಗೋಣಿಯನ್ನು ಇಂದೇ ಹೊಲಿಯುವುದೋ ಇನ್ನೊಂದು ವಾರ ತಡೆಯುವುದೋ ಎಂದು ತಾನೇ ನಿಶ್ಚಯಿಸಬಲ್ಲವನಾದನು. ಖಾಸಗಿ ವ್ಯಾಪಾರಿಯೂ ಆ ಅಂಕಿಯನ್ನು ನೋಡಿಯೇ ತನ್ನ ದರ ಹೇಳಬೇಕಾಯಿತು.