ತಪ್ಪಿಗೆ ದಂಡ: ಎರಡು ಮಾವು, ಎರಡು ಬಾದಾಮಿ

ಹನಕೆರೆ ಹತ್ರ, ಬೆಂಗಳೂರು–ಮೈಸೂರು ರಸ್ತೆ ಪಕ್ಕ ನಿಂತು ಮಾತಾಡ್ತಿದ್ದೀನಿ. ಲಾರಿ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದ್ಕೊಳ್ಳಿ. ಇವತ್ತಿನ ಕತೆ ಒಂದು ಹಳೇ ಕಾನೂನು ಪುಸ್ತಕದ್ದು.

1792. ಇಲ್ಲೇ ಮುಂದಿರೋ ಶ್ರೀರಂಗಪಟ್ಟಣದಲ್ಲಿ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯ ಕಳ್ಕೊಂಡ ವರ್ಷ. ಅದೇ ವರ್ಷ ಕಲ್ಕತ್ತಾದಲ್ಲಿ ಅವನ ಕಂದಾಯದ ನಿಯಮಗಳು ಪುಸ್ತಕವಾಗಿ ಅಚ್ಚಾದವು. ಪಾರ್ಸಿಯಿಂದ ಇಂಗ್ಲಿಷಿಗೆ ತಂದವನು ಬರಿಷ್ ಕ್ರಿಸ್ಪ್. ಶತ್ರುವಿನ ಕಾನೂನನ್ನ ಶತ್ರುಗಳೇ ಉಳಿಸಿಕೊಟ್ಟ ಹಾಗಾಯ್ತು!

ಅಮಲ್ದಾರರಿಗೆ ಕೊಟ್ಟ ಆಜ್ಞೆಗಳು ಅವು. ಹೆಚ್ಚಿನದೆಲ್ಲ ಬೇಸಾಯ, ಕಂದಾಯ, ಲೆಕ್ಕಪತ್ರ. ಆದ್ರೆ ಒಂದು ನಿಯಮ ಓದಿ ನಾನು ಬೆರಗಾದೆ. ರೈತ ತಪ್ಪು ಮಾಡಿದ್ರೆ ದುಡ್ಡಿನ ದಂಡ ಬೇಡ. ಊರ ಮುಂದೆ ಎರಡು ಮಾವು, ಎರಡು ಬಾದಾಮಿ ಗಿಡ ನೆಡಬೇಕು. ಮೂರಡಿ ಎತ್ತರ ಆಗೋವರೆಗೂ ನೀರು ಹಾಕಿ ಸಾಕಬೇಕು.

ಇದಕ್ಕೂ ಹಿಂದೆ, 1648ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ತಮ್ಮ ಕಾನೂನು ಪುಸ್ತಕ ಅಚ್ಚು ಹಾಕಿಸಿದ್ರು. ಹದಿನಾರು ದಾಟಿದ ಮಗ ಹೆತ್ತವರನ್ನ ಶಪಿಸಿದ್ರೆ ಅದರಲ್ಲಿ ಮರಣದಂಡನೆ! ಅವರಿಗೆ ಪಾಪದ ಭಯ. ಟಿಪ್ಪುಗೆ ಬೇಕಿದ್ದದ್ದು ಬೆಳೆ, ಆದಾಯ. ಕಾನೂನು ಓದಿದ್ರೆ ಆಳೋರ ಚಿಂತೆ ಏನು ಅಂತ ಗೊತ್ತಾಗುತ್ತೆ.

ಬರೆದದ್ದೆಲ್ಲ ಊರೂರಲ್ಲಿ ನಡೀತು ಅಂತ ನಾನು ಹೇಳಲ್ಲ. ಟಿಪ್ಪು ಆಳ್ವಿಕೆಯಲ್ಲಿ ಕ್ರೂರ ಶಿಕ್ಷೆಗಳೂ ಇದ್ವು. ಆದರೂ ದುಡ್ಡಿನ ದಂಡ ಖಜಾನೆ ಸೇರುತ್ತೆ, ಮರದ ನೆರಳು ಊರಿಗೇ ಸಿಗುತ್ತೆ. ಇದೇ ರಸ್ತೆ ಅಗಲ ಮಾಡುವಾಗ ಎಷ್ಟೋ ಹಳೇ ಮರ ಉರುಳಿದ್ವಲ್ಲ, ಆ ತಪ್ಪಿಗೆ ಗಿಡ ನೆಟ್ಟು ನೀರು ಹಾಕಬೇಕಾದವರು ಯಾರು? ಯೋಚಿಸಿ. ಮುಂದಿನ ಸಂಚಿಕೇಲಿ ಸಿಗೋಣ.