ಹನ್ನೆರಡು ಜನ ಆಡಿದ ಪಂದ್ಯ

ಕಳೆದ ಸೆಪ್ಟೆಂಬರಿನ ಕೊನೆಯ ಭಾನುವಾರ ನಮ್ಮ ಕ್ಲಬ್ಬಿನ ಸೀಸನ್ನಿನ ಕಟ್ಟಕಡೆಯ ಪಂದ್ಯ ಇತ್ತು. ಆನ್‌ಸೈಟ್ ಅಂತ ಜರ್ಮನಿಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಅಕ್ಟೋಬರ್ ಬಂತೆಂದರೆ ಚಳಿ, ಮಳೆ, ನಾಲ್ಕೂವರೆ-ಐದಕ್ಕೆಲ್ಲ ಕತ್ತಲೆಯಾಗುವ ದಿನಗಳು ದೂರವಿಲ್ಲ ಎಂದೇ ಅರ್ಥ. ಹಾಗಾಗಿ ಕೊನೆಯ ಪಂದ್ಯ ಅಂದರೆ ಏನೋ ಒಂಥರಾ ಬೇಜಾರು. ಮ್ಯಾಟಿಂಗ್ ಪಿಚ್ ಸುತ್ತಿಟ್ಟರೆ ಮತ್ತೆ ಬಿಚ್ಚುವುದು ಏಪ್ರಿಲ್‌ನಲ್ಲೇ!

ಈ ಸಲದ್ದು ಲೀಗ್ ಪಂದ್ಯವಲ್ಲ, ಸೌಹಾರ್ದ ಪಂದ್ಯ. ನಮ್ಮಲ್ಲಿ ಹನ್ನೆರಡು ಜನ ಬಂದಿದ್ದೆವು. ಯಾರನ್ನು ಕೂರಿಸುವುದು? ಹನ್ನೆರಡನೆಯವನು ತುಮಕೂರಿನ ನನ್ನ ಗೆಳೆಯ. ಮುಂದಿನ ವಾರ ವೀಸಾ ಮುಗಿದು ಊರಿಗೆ ಹೊರಟವನು. ಎದುರು ತಂಡದ ನಾಯಕ, ಪೇಶಾವರದ ಕಡೆಯವರು, ವಿಷಯ ತಿಳಿದು "ಹನ್ನೆರಡು-ಹನ್ನೆರಡು ಆಡೋಣ ಬಿಡಿ" ಅಂದುಬಿಟ್ಟರು. ಅವರ ಕಡೆಯೂ ಒಬ್ಬ ಹುಡುಗ ಖುಷಿಯಾಗಿ ಪ್ಯಾಡ್ ಹುಡುಕಿಕೊಂಡು ಓಡಿದ.

ಆಗ ನನಗೆ ನೆನಪಾದದ್ದು 1900ರ ಪ್ಯಾರಿಸ್. ಒಲಿಂಪಿಕ್ಸ್ ಇತಿಹಾಸದಲ್ಲಿ ಇದುವರೆಗೆ ನಡೆದಿರುವ ಒಂದೇ ಒಂದು ಕ್ರಿಕೆಟ್ ಪಂದ್ಯವೂ ಹನ್ನೆರಡು ಜನರ ತಂಡಗಳ ನಡುವೆಯೇ ನಡೆದದ್ದು. ಅದೂ ಹೀಗೇ, ಕೊನೇ ಗಳಿಗೆಯಲ್ಲಿ ಇಬ್ಬರೂ ಒಪ್ಪಿಕೊಂಡು!

ಆ ವರ್ಷ ಪ್ಯಾರಿಸ್ಸಿನಲ್ಲಿ ದೊಡ್ಡ ವಿಶ್ವ ವಸ್ತುಪ್ರದರ್ಶನ ನಡೆದಿತ್ತು. ಒಲಿಂಪಿಕ್ಸ್ ಆ ಜಾತ್ರೆಯ ಒಂದು ಮೂಲೆ ಅಷ್ಟೆ. ಆಟೋಟಗಳು ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಎಳೆದಾಡಿಕೊಂಡು ನಡೆದವು. 1896ರ ಅಥೆನ್ಸಿನಲ್ಲೇ ಕ್ರಿಕೆಟ್ ಆಡಿಸಬೇಕೆಂದಿದ್ದರೂ ತಂಡಗಳೇ ಬಾರದೆ ಕೈಬಿಟ್ಟಿದ್ದರು. ಪ್ಯಾರಿಸ್ಸಿಗೆ ನಾಲ್ಕು ತಂಡ ಬರಬೇಕಿತ್ತು: ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್. ಕೊನೆಯ ಎರಡು ಹಿಂದೆ ಸರಿದವು. ಉಳಿದದ್ದು ಎರಡೇ ತಂಡ. ಮೊದಲ ಪಂದ್ಯವೇ ಫೈನಲ್!

ಬ್ರಿಟನ್ ತಂಡ ಅಂದಕೂಡಲೇ ಡಬ್ಲ್ಯೂ. ಜಿ. ಗ್ರೇಸ್ ಥರದವರನ್ನು ಕಲ್ಪಿಸಿಕೊಳ್ಳಬೇಡಿ. ಬಂದದ್ದು ಡೆವನ್ ಅಂಡ್ ಸಾಮರ್ಸೆಟ್ ವಾಂಡರರ್ಸ್ ಎಂಬ ಹವ್ಯಾಸಿ ಪ್ರವಾಸಿ ಕ್ಲಬ್. ವಿಲಿಯಂ ಡಾನ್ ಎಂಬಾತ 1894ರಲ್ಲಿ ಕಟ್ಟಿದ್ದು. ಆಟಗಾರರು ಸಾಮರ್ಸೆಟ್‌ನ ಕ್ಯಾಸಲ್ ಕ್ಯಾರಿ ಎಂಬ ಸಣ್ಣ ಊರಿನ ಕ್ಲಬ್ಬಿನವರು, ಡೆವನ್‌ನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿದವರು. ಇಡೀ ತಂಡದಲ್ಲಿ ಪ್ರಥಮ ದರ್ಜೆ ಕ್ರಿಕೆಟ್ ಆಡಿದವರು ಇಬ್ಬರೇ, ಆಲ್ಫ್ರೆಡ್ ಬೋವರ್‌ಮನ್ ಮತ್ತು ಮಾಂಟೇಗು ಟಾಲರ್. ರಜೆ ಹಾಕಿ ಪ್ಯಾರಿಸ್ ನೋಡಿಕೊಂಡು, ಜೊತೆಗೆ ಕ್ರಿಕೆಟ್ಟೂ ಆಡಿಕೊಂಡು ಬರೋಣ ಅಂತ ಹೊರಟ ಗುಂಪು ಅನ್ನಬಹುದು. ತಾವು ಆಡುತ್ತಿರುವುದು ಒಲಿಂಪಿಕ್ಸ್ ಎಂಬುದೇ ಅವರಿಗೆ ಗೊತ್ತಿರಲಿಲ್ಲವಂತೆ!

ಇನ್ನು ಫ್ರಾನ್ಸ್ ತಂಡ. ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಇವರೇ. ತಂಡದಲ್ಲಿ ಹೆಚ್ಚಿನವರು ಫ್ರೆಂಚರೇ ಅಲ್ಲ. ಕೆಲಸದ ನಿಮಿತ್ತ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಬ್ರಿಟಿಷರು. ಸ್ಟ್ಯಾಂಡರ್ಡ್ ಅಥ್ಲೆಟಿಕ್ ಕ್ಲಬ್, ಆಲ್ಬಿಯನ್ ಕ್ರಿಕೆಟ್ ಕ್ಲಬ್‌ಗಳಲ್ಲಿ ವಾರಾಂತ್ಯಕ್ಕೆ ಆಡುತ್ತಿದ್ದವರು. ಸ್ಟ್ಯಾಂಡರ್ಡ್ ಕ್ಲಬ್ ಶುರುವಾದದ್ದು 1890ರಲ್ಲಿ. ಐಫೆಲ್ ಗೋಪುರದ ಕೆಲಸಕ್ಕೆಂದು ಬಂದ ಇಂಗ್ಲಿಷರು ಅದನ್ನು ಹುಟ್ಟುಹಾಕಿದರು ಎಂಬ ಮಾತೂ ಇದೆ. ಅಂದರೆ ಅಂದಿನ ಆನ್‌ಸೈಟ್ ಗಿರಾಕಿಗಳು! ನಮ್ಮ ಹಾಗೇ ವಾರವೆಲ್ಲ ದುಡಿದು, ಭಾನುವಾರ ಊರಿನ ಆಟ ಆಡಿ ಸಮಾಧಾನ ಪಟ್ಟುಕೊಂಡವರು.

1900ರ ಆಗಸ್ಟ್ 19, ಅದೂ ಭಾನುವಾರವೇ. ಸ್ಥಳ ವ್ಯಾನ್ಸೆನ್‌ನ ವೆಲೊಡ್ರೋಮ್, ಅಂದರೆ ಸೈಕಲ್ ರೇಸಿನ ಕ್ರೀಡಾಂಗಣ. ಸುತ್ತ ಸೈಕಲ್ ಟ್ರ್ಯಾಕ್, ನಡುವೆ ಕ್ರಿಕೆಟ್. ಸಾವಿರಾರು ಜನ ಕೂರುವ ಜಾಗ, ನೋಡಲು ಬಂದವರು ಮಾತ್ರ ಬೆರಳೆಣಿಕೆಯಷ್ಟು. ಕಾವಲಿಗಿದ್ದ ಪೊಲೀಸರೇ ಪ್ರೇಕ್ಷಕರಾಗಿದ್ದರು ಎಂದು ಹೇಳುವುದುಂಟು.

ಮೊದಲು ಬ್ಯಾಟ್ ಮಾಡಿದ ವಾಂಡರರ್ಸ್ 117ಕ್ಕೆ ಆಲೌಟ್. ಉತ್ತರವಾಗಿ ಫ್ರಾನ್ಸ್ 78. ವಾಂಡರರ್ಸ್ ಪರ ಫ್ರೆಡರಿಕ್ ಕ್ರಿಶ್ಚಿಯನ್ ಏಳು ವಿಕೆಟ್ ಕಿತ್ತ. ಎರಡನೇ ದಿನ ವಾಂಡರರ್ಸ್ ನಾಯಕ ಬೀಚ್‌ಕ್ರಾಫ್ಟ್ 54, ಬೋವರ್‌ಮನ್ 59 ಹೊಡೆದರು. 5 ವಿಕೆಟ್ಟಿಗೆ 145 ಆದಾಗ ಡಿಕ್ಲೇರ್. ಫ್ರಾನ್ಸ್ ಗೆಲ್ಲಲು 185 ಬೇಕು. ಅದು ಆಗುವ ಮಾತಲ್ಲ, ಸಂಜೆಯವರೆಗೆ ನಿಂತರೆ ಸಾಕು, ಪಂದ್ಯ ಡ್ರಾ. ಆದರೆ ಟಾಲರ್ ಬಿಡಬೇಕಲ್ಲ? 9 ರನ್ ಕೊಟ್ಟು 7 ವಿಕೆಟ್! ಫ್ರಾನ್ಸ್ 26ಕ್ಕೆ ಮುಗಿಯಿತು. ಕೂಡಿ ಕಳೆದು ನೋಡಿದರೆ ವಾಂಡರರ್ಸ್‌ಗೆ 158 ರನ್ ಗೆಲುವು.

ಇಷ್ಟು ಓದಿದರೆ ಏಕಪಕ್ಷೀಯ ಪಂದ್ಯ ಅನ್ನಿಸುತ್ತದೆ. ಆದರೆ ಕೊನೆಯ ವಿಕೆಟ್ ಬಿದ್ದಾಗ ಆಟ ಮುಗಿಯಲು ಉಳಿದಿದ್ದದ್ದು ಬರೀ ಐದು ನಿಮಿಷ. ಹನ್ನೊಂದೇ ಜನರ ತಂಡವಾಗಿದ್ದರೆ ಹತ್ತು ವಿಕೆಟ್‌ಗೇ ಕಥೆ ಮುಗಿಯುತ್ತಿತ್ತು. ಹನ್ನೆರಡನೆಯವನಿದ್ದುದರಿಂದ ಫ್ರಾನ್ಸಿಗೆ ಇನ್ನೊಂದು ವಿಕೆಟ್ಟಿನ ಆಯುಷ್ಯ ಸಿಕ್ಕಿತ್ತು. ಐದು ನಿಮಿಷಕ್ಕೆ ಅದು ಸಾಲದೇ ಹೋಯಿತು.

ಗೆದ್ದವರಿಗೆ ಬೆಳ್ಳಿ ಪದಕ, ಸೋತವರಿಗೆ ಕಂಚು, ಜೊತೆಗೆ ಐಫೆಲ್ ಗೋಪುರದ ಪುಟಾಣಿ ಪ್ರತಿಕೃತಿ. ಎಲ್ಲರೂ ಮನೆಗೆ ಹೋದರು, ಮರೆತರು. ಈ ಪಂದ್ಯಕ್ಕೆ ಒಲಿಂಪಿಕ್ಸ್ ಪಂದ್ಯವೆಂಬ ಅಧಿಕೃತ ಮಾನ್ಯತೆ ಸಿಕ್ಕಿದ್ದು 1912ರಲ್ಲಿ. ಬೆಳ್ಳಿ ಚಿನ್ನವಾಯಿತು, ಕಂಚು ಬೆಳ್ಳಿಯಾಯಿತು. ಕ್ಲಬ್ ಆಟಗಾರರು ಒಲಿಂಪಿಕ್ ಚಾಂಪಿಯನ್ನರಾದರು. ಪ್ಯಾರಿಸ್ಸಿನಲ್ಲಿ ನೌಕರಿಗಿದ್ದ ಇಂಗ್ಲಿಷರು ಫ್ರಾನ್ಸ್ ದೇಶದ ಪದಕ ವಿಜೇತರಾದರು!

ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳಿ ಬರಲಿ ಎಂಬ ತೀರ್ಮಾನ ಆದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈಯಲ್ಲಿ ನಡೆದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. 2028ರ ಲಾಸ್ ಏಂಜಲೀಸ್‌ನಲ್ಲಿ ಆರು ತಂಡಗಳ ಟ್ವೆಂಟಿ-20. ಎಂದಿನಂತೆ ಕೋಟಿಗಟ್ಟಲೆ ಜನ ನೋಡುತ್ತಾರೆ. ಆದರೆ ದಾಖಲೆ ಪುಸ್ತಕದ ಮೊದಲ ಸಾಲಿನಲ್ಲಿ ಕೂತಿರುವವರು ಮಾತ್ರ ಈ ರಜಾದಿನದ ಆಟಗಾರರು.

ನಮ್ಮ ಪಂದ್ಯದ ನಡುವೆ ನಾಯಿ ಕರೆದುಕೊಂಡು ಬಂದ ಅಜ್ಜಿಯೊಬ್ಬರು ಬೌಂಡರಿ ಹತ್ತಿರ ನಿಂತು "ನಿಮ್ಮದು ಯಾವ ದೇಶದ ತಂಡ?" ಅಂತ ಕೇಳಿದರು. ಏನು ಹೇಳಲಿ? ಕನ್ನಡಿಗರು ಇಬ್ಬರು, ತಮಿಳರು, ಪಂಜಾಬಿಗಳು, ಒಬ್ಬ ಲಂಕೆಯವನು, ನಿರಾಶ್ರಿತನಾಗಿ ಬಂದ ಒಬ್ಬ ಅಫ್ಘಾನ್ ಹುಡುಗ. "ಈ ಊರಿನ ತಂಡ ಅಜ್ಜಿ" ಅಂದೆ. ಅವರು ನಕ್ಕು ಚಪ್ಪಾಳೆ ತಟ್ಟಿದರು. 1900ರಲ್ಲಿ ಯಾರಾದರೂ ಅದೇ ಪ್ರಶ್ನೆ ಕೇಳಿದ್ದರೆ ಆ ಪ್ಯಾರಿಸ್ಸಿನ ಇಂಗ್ಲಿಷರೂ ಇದೇ ಉತ್ತರ ಕೊಡುತ್ತಿದ್ದರೇನೋ. ಹುಟ್ಟಿದ ಊರು ಒಂದು, ಭಾನುವಾರ ಆಡುವ ಊರು ಇನ್ನೊಂದು. ತಂಡ ಅಂದಮೇಲೆ ಆಡುವ ಊರಿನದ್ದೇ ಅಲ್ಲವೇ?

ಅಂದಹಾಗೆ ನಾವು ಸೋತೆವು. ತುಮಕೂರಿನವನು ಹನ್ನೆರಡನೆಯವನಾಗಿ ಹೋಗಿ ಎರಡು ರನ್ ಮಾಡಿ ಬೌಲ್ಡ್ ಆದ. ನಮ್ಮ ಸ್ಕೋರ್ ಪುಸ್ತಕದಲ್ಲಿ ಹೆಸರಿಗೆ ಹನ್ನೊಂದೇ ಗೆರೆ. ಕೆಳಗೆ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದು ಅವನ ಹೆಸರು ಬರೆದೆವು. ಆ ಪುಟದ ಫೋಟೋ ತೆಗೆದುಕೊಂಡು ಅವನು ಊರಿಗೆ ಹೋದ.